ದತ್ತು ಮಗು: ಗುಟ್ಟಾಗಿ ಬೇಡ, ಗಟ್ಟಿಯಾಗಿ ಇರಲಿ

"ಡಾಕ್ಟ್ರೇ, ದವಾಖಾನ್ಯಾಗ ಯಾರಾದ್ರೂ ಬಿಟ್ಟು ಹೋದ ಕೂಸು ಇದ್ರ ಹೇಳ್ರಿ, ನಾವು ಚೆಂದಾಗಿ ಸಾಕ್ಕೊಂತೀವಿ." ಬಹಳ ವರ್ಷ ಮಕ್ಕಳಾಗದ ದಂಪತಿಗಳು ಬಳ್ಳಾರಿಯಲ್ಲಿ ವೈದ್ಯರನ್ನು ಹೀಗೆ ಕೇಳುವುದುಂಟು. ಸಿರುಗುಪ್ಪ, ಕುರುಗೋಡು ಕಡೆಯಿಂದ ಬಂದವರೂ ಕೇಳುತ್ತಾರೆ. ಅವರ ಆಸೆಯಲ್ಲಿ ತಪ್ಪಿಲ್ಲ, ಆದರೆ ಕೇಳುವ ಜಾಗ ತಪ್ಪು.

ಅನಾಥ ಮಗುವನ್ನು ಕೈಯಿಂದ ಕೈಗೆ ಕೊಡುವ ಅಧಿಕಾರ ವೈದ್ಯರಿಗಿಲ್ಲ, ದಾದಿಯರಿಗಿಲ್ಲ, ಊರ ಹಿರಿಯರಿಗೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಇದಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹಣ ಕೊಟ್ಟು ಕೊಂಡರೆ ಐದು ವರ್ಷದವರೆಗೆ ಕಠಿಣ ಶಿಕ್ಷೆ. ಶಿಕ್ಷೆಗಿಂತ ದೊಡ್ಡ ಅಪಾಯ ಮಗುವಿನದು. ನಾಲ್ಕೈದು ವರ್ಷ "ಅಮ್ಮಾ" ಎಂದು ಕರೆದ ಮೇಲೆ ಯಾರೋ ದೂರು ಕೊಟ್ಟರೆ, ಅದೇ ಮಗುವನ್ನು ಆ ಮಡಿಲಿನಿಂದ ಬಿಡಿಸಿ ಒಯ್ಯಬೇಕಾಗಬಹುದು.

ಹಾಗಾದರೆ ದಾರಿ ಯಾವುದು? ತಬ್ಬಲಿ ಕೂಸು ಸಿಕ್ಕರೆ 24 ಗಂಟೆಯೊಳಗೆ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಬೇಕು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಹೆತ್ತವರಿಗಾಗಿ ಹುಡುಕಿಸುತ್ತದೆ. ತಾಯಿಯೇ ಒಪ್ಪಿಸಿದ ಕೂಸಾದರೆ, ಮನಸ್ಸು ಬದಲಿಸಲು ಆಕೆಗೆ 60 ದಿನ ಅವಕಾಶವಿದೆ. ಇದು ಬೇಕೇ ಬೇಕು. ಬಡತನಕ್ಕೋ ಹೆದರಿಕೆಗೋ ಒಪ್ಪಿಸಿದವಳು ಮರಳಿ ಬರಬಹುದಲ್ಲವೆ? ದತ್ತು ಬೇಕಾದವರು ಕೇಂದ್ರ ದತ್ತು ಪ್ರಾಧಿಕಾರವಾದ 'ಕಾರಾ'ದ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಬರದಿದ್ದವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಲಿ. ಸೆಪ್ಟೆಂಬರ್ 2022ರಿಂದ ದತ್ತು ಆದೇಶವನ್ನು ಕೋರ್ಟಿನ ಬದಲು ಜಿಲ್ಲಾಧಿಕಾರಿಗಳೇ ನೀಡುತ್ತಾರೆ.

ಎಳೆಗೂಸೇ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಆದರೆ ಎಂಟು ಹತ್ತು ವರ್ಷದ ಮಕ್ಕಳನ್ನು ಕೇಳುವವರು ಕಡಿಮೆ. "ದೊಡ್ಡ ಮಗು ಹೊಂದಿಕೊಳ್ಳುವುದಿಲ್ಲ" ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಆರು ದಾಟಿದ ಮಕ್ಕಳಿಗೆ ಪೋಷಕತ್ವ ಎಂಬ ವ್ಯವಸ್ಥೆಯೂ ಇದೆ. ಮೊದಲು ಸಾಕಿ, ಎರಡು ವರ್ಷದ ನಂತರ ಆ ಮಗು ಕಾನೂನಿನಂತೆ ದತ್ತಿಗೆ ಮುಕ್ತವಾಗಿದ್ದರೆ ದತ್ತು ಕೇಳಬಹುದು. 2024ರ ಮಾರ್ಗಸೂಚಿಯಂತೆ ಒಂಟಿಯಾಗಿರುವವರೂ ಸಾಕಬಹುದು; ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಮಾತ್ರ ಕೊಡುವುದಿಲ್ಲ. ತಾಯಿ ಸತ್ತು ಅಜ್ಜಿಯ ಮನೆ, ಸೋದರಮಾವನ ಮನೆ ಎಂದು ಅಲೆಯುವ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ! ಅಂಥವರನ್ನು ಒಂದೇ ಮನೆಯಲ್ಲಿ ಉಳಿಸಿಕೊಳ್ಳಲು, ಅರ್ಹ ಕುಟುಂಬಕ್ಕೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4000 ರೂಪಾಯಿ ನೆರವುಂಟು.

ಮನೆ ಏಕೆ ಅಷ್ಟು ಮುಖ್ಯ? ರುಮೇನಿಯಾದ ಬುಕಾರೆಸ್ಟಿನಲ್ಲಿ ಅನಾಥಾಲಯದ 136 ಶಿಶುಗಳಲ್ಲಿ ಅರ್ಧದಷ್ಟನ್ನು ಕುಟುಂಬಗಳಲ್ಲಿ ಬೆಳೆಸಿ ನೋಡಿದರು. ಮನೆ ಸೇರಿದ ಮಕ್ಕಳ ಬುದ್ಧಿ ಹೆಚ್ಚು ಬೆಳೆದಿತ್ತೆಂದು 2007ರಲ್ಲಿ ಪ್ರಕಟವಾಯಿತು. ಎರಡು ವರ್ಷದೊಳಗೆ ಸೇರಿದವರಿಗೆ ಲಾಭ ಇನ್ನೂ ಹೆಚ್ಚು. ಹೊಟ್ಟೆ ತುಂಬಿದರೆ ಸಾಲದು, ಅತ್ತಾಗ ಎತ್ತಿಕೊಳ್ಳುವ ಕೈ ದಿನವೂ ಅದೇ ಆಗಿರಬೇಕು.

ಮನೆಗೆ ಬಂದ ಹೊಸತರಲ್ಲಿ ಮಗು ರೊಟ್ಟಿಯನ್ನು ದಿಂಬಿನಡಿ ಬಚ್ಚಿಡಬಹುದು, ಹಾಸಿಗೆ ಒದ್ದೆ ಮಾಡಬಹುದು, ಕಂಡಕಂಡವರ ಹಿಂದೆ ಹೋಗಬಹುದು. ಇದು ದುರ್ಬುದ್ಧಿಯಲ್ಲ, ಮತ್ತೆ ಎಲ್ಲಿಗೋ ಕಳಿಸುತ್ತಾರೆಂಬ ಅಂಜಿಕೆ. ಬೈಯಬೇಡಿ. ಊಟ, ಸ್ನಾನ, ಮಲಗಿಸುವುದು ಕೆಲವು ತಿಂಗಳು ನೀವೇ ಮಾಡಿ. ಬಂದ ವಾರವೇ ಬಂಧುಬಳಗವನ್ನೆಲ್ಲ ಕರೆದು ಸಮಾರಂಭ ಮಾಡುವ ಉತ್ಸಾಹ ಸ್ವಲ್ಪ ತಡೆಯಲಿ. ಸಂಸ್ಥೆ ಕೊಟ್ಟ ವೈದ್ಯಕೀಯ ವರದಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ, ತೂಕ, ರಕ್ತಹೀನತೆ, ಕಿವಿ, ಕಣ್ಣು, ಬಾಕಿ ಲಸಿಕೆ ಎಲ್ಲ ನೋಡಿಸಿ.

ದತ್ತು ಎಂಬ ಸಂಗತಿಯನ್ನು ಮುಚ್ಚಿಡಬೇಡಿ. ಮೂರು ನಾಲ್ಕು ವರ್ಷದಿಂದಲೇ ಕಥೆಯಂತೆ, "ನಿನ್ನನ್ನು ಕರೆದುಕೊಂಡು ಬಂದ ದಿನ" ಎಂದು ಹೇಳುತ್ತ ಬನ್ನಿ. ಓಣಿಯ ಜಗಳದಲ್ಲಿ ಯಾರೋ ಅಂದು ಬಿಡುವ ಮೊದಲೇ ಅದು ನಿಮ್ಮ ಬಾಯಿಂದ ಮಗುವಿಗೆ ತಿಳಿದಿರಬೇಕು.