ಹಗಲಿನ ಕಸುಬು, ಸಂಜೆಯ ಪಾಠ

ದಾರ ಕಟ್ಟಿ ಇಳಿಬಿಟ್ಟ ಒಂದು ಬಿಳಿ ಚೆಂಡು. ಅದರ ಮುಂದೆ ಪೆನ್ಸಿಲ್ಲು ಹಿಡಿದು ಕುಳಿತವರು ಹಗಲೆಲ್ಲ ದುಡಿದು ಬಂದ ಗಂಡಸರು. ಅವರಲ್ಲಿ ಬಡಗಿಗಳಿದ್ದಾರೆ, ಬೇರೆ ಬೇರೆ ಕೈಕಸುಬಿನವರಿದ್ದಾರೆ. ಚೆಂಡು ದುಂಡಗಿದೆ ಎಂದು ಗೊತ್ತಿರುವುದರಿಂದ ದುಂಡಗೆ ಒಂದು ಗೆರೆ ಎಳೆದುಬಿಟ್ಟರೆ ಮೇಷ್ಟರು ಒಪ್ಪುವುದಿಲ್ಲ. ಬೆಳಕು ಎಲ್ಲಿ ಬಿದ್ದಿದೆ, ನೆರಳು ಎಲ್ಲಿಂದ ಶುರುವಾಗಿದೆ ಎಂದು ನೋಡಬೇಕು. ಕಂಡಷ್ಟನ್ನೇ ಕಾಗದಕ್ಕೆ ಇಳಿಸಬೇಕು. ಇನ್ನೊಂದು ದಿನ ಅದೇ ಮೇಷ್ಟರು ಬಣ್ಣದ ಕಲ್ಲೊಂದನ್ನು ನೀರಿನ ಲೋಟಕ್ಕೆ ಹಾಕಿ, ಅದರೊಳಗಿನ ಎಳೆಗಳನ್ನು ಬಿಡಿಸಿ ಎನ್ನುತ್ತಾರೆ. ಮನೆಯಿಂದ ಒಳ್ಳೊಳ್ಳೆಯ ಚಿತ್ರಗಳನ್ನು ತಂದು ಎಲ್ಲರಿಗೂ ತೋರಿಸುತ್ತಾರೆ.

ಆ ಮೇಷ್ಟರು ಜಾನ್ ರಸ್ಕಿನ್. ಶ್ರೀಮಂತ ದ್ರಾಕ್ಷಾರಸ ವ್ಯಾಪಾರಿಯ ಒಬ್ಬನೇ ಮಗ, ಆಗಲೇ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಕಲಾ ವಿಮರ್ಶಕ. ಪಾಠ ಮಾಡುವುದು ಅವರ ಕಸುಬಾಗಿರಲಿಲ್ಲ, ಈ ಪಾಠಕ್ಕೆ ಅವರು ಸಂಬಳವನ್ನೂ ಪಡೆಯಲಿಲ್ಲ. ಅವರು ಸಂಜೆ ಬಂದು ಕಲಿಸುತ್ತಿದ್ದ ಜಾಗ ಲಂಡನ್ನಿನ ವರ್ಕಿಂಗ್ ಮೆನ್ಸ್ ಕಾಲೇಜು. 1854ರಲ್ಲಿ ರೆಡ್ ಲಯನ್ ಸ್ಕ್ವೇರಿನ ಒಂದು ಮನೆಯಲ್ಲಿ ಶುರುವಾದ ಈ ಕಾಲೇಜು ಇವತ್ತಿಗೂ ಅದೇ ನಗರದ ಕ್ಯಾಮ್‌ಡೆನ್ ಭಾಗದಲ್ಲಿ ನಡೆಯುತ್ತಿದೆ. ನನ್ನನ್ನು ಸೆಳೆದದ್ದು ಅದರ ಹಳಮೆಗಿಂತ ಹೆಚ್ಚಾಗಿ ಅಲ್ಲಿ ಪಾಠ ಮಾಡಿದವರ ಪಟ್ಟಿ. ಅದರಲ್ಲಿ ವಕೀಲರು, ಪಾದ್ರಿಗಳು, ಚಿತ್ರಕಾರರು, ಕವಿಗಳು, ನಿಘಂಟುಕಾರರು, ಕಾದಂಬರಿಕಾರರು ಎಲ್ಲರೂ ಇದ್ದಾರೆ. ಮೇಷ್ಟರ ಕೆಲಸವನ್ನೇ ಹೊಟ್ಟೆಪಾಡಿಗೆ ಮಾಡಿಕೊಂಡವರು ಕಡಿಮೆ.

ಇವರೆಲ್ಲ ಒಂದೆಡೆ ಸೇರಿದ್ದರ ಹಿಂದೆ ಒಂದು ಸೋಲಿನ ಕಥೆ ಇದೆ. 1848ರಲ್ಲಿ ಇಂಗ್ಲೆಂಡಿನ ದುಡಿಯುವ ಜನ ಮತದಾನದ ಹಕ್ಕು ಕೇಳಿ ಚಾರ್ಟಿಸ್ಟ್ ಚಳವಳಿಯ ಬಾವುಟ ಹಿಡಿದು ಲಂಡನ್ನಿನಲ್ಲಿ ಸೇರಿದರು. ಸರ್ಕಾರ ಅವರ ಬೇಡಿಕೆಗೆ ಮಣಿಯಲಿಲ್ಲ. ಇದನ್ನು ಕಣ್ಣಾರೆ ಕಂಡು ಕಳವಳಗೊಂಡ ಕೆಲವರು ಒಟ್ಟುಗೂಡಿದರು. ಅವರಲ್ಲಿ ಪಾದ್ರಿ ಎಫ್. ಡಿ. ಮಾರಿಸ್, ವಕೀಲ ಜಾನ್ ಮ್ಯಾಲ್ಕಂ ಲಡ್ಲೋ ಮತ್ತು ಬರಹಗಾರ ಚಾರ್ಲ್ಸ್ ಕಿಂಗ್ಸ್‌ಲಿ ಮುಖ್ಯರು. ದರ್ಜಿಗಳಿಗೂ ಇತರ ಕಸುಬುದಾರರಿಗೂ ಸಹಕಾರಿ ಕಾರ್ಖಾನೆಗಳನ್ನು ಕಟ್ಟಿಕೊಡಲು ಹೊರಟರು. ಅವು ಹೆಚ್ಚು ದಿನ ಬಾಳಲಿಲ್ಲ. ಅಷ್ಟರಲ್ಲಿ 1853ರಲ್ಲಿ, ಪಾಪಿಗಳಿಗೆ ನರಕ ಎಂದೆಂದಿಗೂ ತಪ್ಪದು ಎಂಬ ನಂಬಿಕೆಯನ್ನು ಪ್ರಶ್ನಿಸಿ ಬರೆದದ್ದಕ್ಕಾಗಿ ಮಾರಿಸ್ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಹುದ್ದೆಯನ್ನು ಕಳೆದುಕೊಂಡರು. ಶೆಫೀಲ್ಡಿನಲ್ಲಿ ಆಗಲೇ ಜನರಿಗಾಗಿ ಒಂದು ಕಾಲೇಜು ನಡೆಯುತ್ತಿತ್ತು, ಅದರ ಮಾದರಿ ಕಣ್ಣೆದುರಿಗಿತ್ತು. ಕೆಲಸ ಹೋದ ಮೇಷ್ಟರು ಮರುವರ್ಷವೇ ಕೂಲಿಯವರಿಗೆ ಕಾಲೇಜು ತೆರೆದರು.

ಕಾಲೇಜು ಎಂಬ ಹೆಸರೇ ಬೇಕೆಂದು ಮಾರಿಸ್ ಪಟ್ಟು ಹಿಡಿದಿದ್ದರು. ಆ ಕಾಲದಲ್ಲಿ ಕಾರ್ಮಿಕರಿಗೆಂದು ಊರೂರಿನಲ್ಲಿ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟುಗಳಿದ್ದವು. ಅಲ್ಲಿ ಕೆಲಸಕ್ಕೆ ಬೇಕಾದ ವಿಜ್ಞಾನ ಸಿಗುತ್ತಿತ್ತು. ಮಾರಿಸ್ ಕೊಡಬೇಕೆಂದದ್ದು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ಉಳ್ಳವರ ಮಕ್ಕಳಿಗೆ ಸಿಗುತ್ತಿದ್ದ ಇತಿಹಾಸ, ಸಾಹಿತ್ಯ, ಭಾಷೆ, ರಾಜಕೀಯ, ಗಣಿತ, ಚಿತ್ರಕಲೆ. ಇದನ್ನೇ ಅವರು ಲಿಬರಲ್ ಎಜುಕೇಶನ್ ಎಂದು ಕರೆಯುತ್ತಿದ್ದರು. ಇದರಿಂದ ಸಂಬಳ ಹೆಚ್ಚಾಗುತ್ತದೆಂದು ಯಾರೂ ಭರವಸೆ ಕೊಡಲಿಲ್ಲ. ರಸ್ಕಿನ್ ಕೂಡ 1857ರಲ್ಲಿ ಸರ್ಕಾರಿ ಆಯೋಗವೊಂದರ ಮುಂದೆ ಇದನ್ನೇ ಸ್ಪಷ್ಟಪಡಿಸಿದರು. ಬಡಗಿಯನ್ನು ಚಿತ್ರಕಾರನನ್ನಾಗಿ ಮಾಡುವುದು ತಮ್ಮ ಉದ್ದೇಶವಲ್ಲ, ಬಡಗಿಯಾಗಿಯೇ ಅವನು ಇನ್ನಷ್ಟು ಸುಖವಾಗಿರಲಿ ಎಂಬುದೇ ಉದ್ದೇಶ ಎಂದರು.

ಮೇಷ್ಟರ ಪೈಕಿ ನನಗೆ ತೀರಾ ಇಷ್ಟವಾದವರು ಥಾಮಸ್ ಹ್ಯೂಸ್. ವೃತ್ತಿಯಿಂದ ಬ್ಯಾರಿಸ್ಟರ್, ಮುಂದೆ 1857ರಲ್ಲಿ ಬಂದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿಯಿಂದ ಮನೆಮಾತಾದವರು. ವಕೀಲರೆಂದ ಮೇಲೆ ಕಾನೂನು ಹೇಳಿಕೊಡಲು ಹೋದರು, ಕೇಳಲು ಜನ ಹೆಚ್ಚು ಬರಲಿಲ್ಲ. ಹ್ಯೂಸ್ ಬೇಸರಪಡದೆ ವಿದ್ಯಾರ್ಥಿಗಳ ಮೈಕಟ್ಟನ್ನು ನೋಡಿದರು. ದಿನವಿಡೀ ಬಗ್ಗಿ ದುಡಿದು ಬೆನ್ನು ಗೂನಾಗಿತ್ತು, ಎದೆ ಒಳಸೇರಿತ್ತು. ಬಾಕ್ಸಿಂಗ್ ತರಗತಿ ಶುರುಮಾಡಿದರು. ಅದು ತುಂಬಿಹೋಯಿತು. ಬಾಕ್ಸಿಂಗ್ ಹೇಗೆ ಲಿಬರಲ್ ಶಿಕ್ಷಣವಾದೀತು ಎಂದು ಕೇಳುವವರಿಗೆ, ಎದುರಿಗೆ ಕುಳಿತವನ ಬೆನ್ನನ್ನು ಹ್ಯೂಸ್ ನೋಡಿದ್ದೇ ಸಾಕಾದ ಉತ್ತರ ಎಂದು ನಾನು ಹೇಳುತ್ತೇನೆ. ಮಾರಿಸ್ ತೀರಿಕೊಂಡ ಮೇಲೆ ಕಾಲೇಜಿನ ಪ್ರಾಂಶುಪಾಲರಾದವರು ಇದೇ ಹ್ಯೂಸ್.

ಎಫ್. ಜೆ. ಫರ್ನಿವಾಲ್ ಕೂಡ ವಕೀಲಿಕೆ ಓದಿದವರು. ಅವರ ಜೀವ ಮಾತ್ರ ಹಳೆಯ ಇಂಗ್ಲಿಷ್ ಹಸ್ತಪ್ರತಿಗಳಲ್ಲಿತ್ತು. ಮುಂದೆ ಆಕ್ಸ್‌ಫರ್ಡ್ ನಿಘಂಟಾಗಿ ಬೆಳೆದ ಮಹಾಕಾರ್ಯಕ್ಕೆ 1861ರಿಂದ ಸಂಪಾದಕರಾದರು. ಕಾಲೇಜಿನಲ್ಲಿ ಅವರು ಹೇಳಿಕೊಟ್ಟದ್ದು ಇಂಗ್ಲಿಷ್ ವ್ಯಾಕರಣ. ರಸ್ಕಿನ್ ಈ ಕಡೆ ಬಂದದ್ದು ಫರ್ನಿವಾಲ್ ಕಳಿಸಿದ ಆಹ್ವಾನದಿಂದ. ಕಾಲೇಜಿನ ಪ್ರಾರಂಭದ ದಿನ, ರಸ್ಕಿನ್ನರ 'ದಿ ಸ್ಟೋನ್ಸ್ ಆಫ್ ವೆನಿಸ್' ಪುಸ್ತಕದಲ್ಲಿ ಗಾಥಿಕ್ ಶಿಲ್ಪವನ್ನು ಕುರಿತ ಅಧ್ಯಾಯವನ್ನು ಪ್ರತ್ಯೇಕವಾಗಿ ಅಚ್ಚು ಹಾಕಿಸಿ ಬಂದವರಿಗೆ ಹಂಚಿದವರೂ ಫರ್ನಿವಾಲ್. ಭಾನುವಾರ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ದೂರದೂರ ನಡೆಯಲು ಹೊರಡುತ್ತಿದ್ದರು. ಭಾನುವಾರ ದೇವರ ದಿನ ಎನ್ನುವ ಮಾರಿಸ್‌ಗೆ ಇದು ಹಿಡಿಸಲಿಲ್ಲ. ಇಬ್ಬರಿಗೂ ಜಟಾಪಟಿ ನಡೆದೇ ಇತ್ತು, ಆದರೂ ಫರ್ನಿವಾಲ್ ಕಾಲೇಜನ್ನು ಬಿಡಲಿಲ್ಲ.

ಆರ್. ಬಿ. ಲಿಚ್‌ಫೀಲ್ಡ್ ಗಣಿತವನ್ನೂ ಹಾಡುಗಾರಿಕೆಯನ್ನೂ ಕಲಿಸಿದರು. ಅವರೂ ಬ್ಯಾರಿಸ್ಟರ್, ಚಾರ್ಲ್ಸ್ ಡಾರ್ವಿನ್ನರ ಅಳಿಯ.

ನಮಗೆ ಹತ್ತಿರದ ಹೆಸರು ಲಡ್ಲೋ ಅವರದು. 1821ರಲ್ಲಿ ಮಧ್ಯಭಾರತದ ನೀಮಚ್‌ನಲ್ಲಿ ಹುಟ್ಟಿದವರು. 1857ರಲ್ಲಿ ಮೀರತ್, ದೆಹಲಿ, ಕಾನ್ಪುರಗಳ ಸುದ್ದಿ ಲಂಡನ್ ಮುಟ್ಟಿ, ಪತ್ರಿಕೆಗಳೆಲ್ಲ ಸೇಡು ಸೇಡು ಎನ್ನುತ್ತಿದ್ದ ಹೊತ್ತಿನಲ್ಲಿ ಅವರು ಈ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ನಿಂತು ಭಾರತದ ಜನ ಯಾರು, ಅವರ ಇತಿಹಾಸವೇನು ಎಂದು ಉಪನ್ಯಾಸಗಳ ಒಂದು ಸರಣಿಯನ್ನೇ ಕೊಟ್ಟರು. ಕಂಪನಿ ಆಡಳಿತದ ತಪ್ಪುಗಳನ್ನು ಮುಚ್ಚಿಡಲಿಲ್ಲ. ಆ ಉಪನ್ಯಾಸಗಳು 1858ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದವು. ಓಟಿನ ಹಕ್ಕೂ ಇಲ್ಲದ ಲಂಡನ್ ಕೆಲಸಗಾರರು ದಿನದ ದುಡಿಮೆ ಮುಗಿಸಿ ಬಂದು ಭಾರತದ ಚರಿತ್ರೆ ಕೇಳುತ್ತ ಕುಳಿತಿದ್ದಾರೆ. ಈ ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಚಿತ್ರಕಲೆಯ ವಿಭಾಗದಲ್ಲಿ ರಸ್ಕಿನ್ನರ ಜೊತೆಗೆ ಕವಿ-ಚಿತ್ರಕಾರ ಡಾಂಟೆ ಗೇಬ್ರಿಯಲ್ ರೊಸೆಟ್ಟಿ ಇದ್ದರು. ಇಬ್ಬರ ದಾರಿಯೂ ಬೇರೆ. ರಸ್ಕಿನ್ ನೆರಳಿನಲ್ಲೇ ತಿಂಗಳುಗಟ್ಟಲೆ ತಿದ್ದಿಸುವವರು, ರೊಸೆಟ್ಟಿ ಮೊದಲ ದಿನವೇ ಬಣ್ಣ ಕೊಟ್ಟು ಎದುರಿಗೆ ಜೀವಂತ ಮಾಡೆಲ್ ಕೂರಿಸುವವರು. ಒಂದೇ ವಿಷಯಕ್ಕೆ ಒಂದೇ ಪಠ್ಯಕ್ರಮ ಇರಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ, ಕಾಲೇಜಿಗೂ ಅನ್ನಿಸಲಿಲ್ಲ. ಆಗಿನ್ನೂ ಹುಡುಗನಾಗಿದ್ದ ಎಡ್ವರ್ಡ್ ಬರ್ನ್-ಜೋನ್ಸ್, ರೊಸೆಟ್ಟಿಯನ್ನು ಒಮ್ಮೆ ಕಣ್ಣಿಂದ ನೋಡಿದರೆ ಸಾಕೆಂದು ಕಾಲೇಜಿನ ಸಭೆಯೊಂದಕ್ಕೆ ಬಂದು ಕುಳಿತಿದ್ದರಂತೆ.

ಬೆಂಗಳೂರಿನಲ್ಲಿ ಈವ್ನಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಇಂಥ ಮೇಷ್ಟರು ಹೊಸಬರಲ್ಲ. ನಮಗೆ ಕಾನೂನು ಹೇಳುತ್ತಿದ್ದವರು ಕೋರ್ಟಿನಿಂದ ನೇರವಾಗಿ ಬರುತ್ತಿದ್ದರು. ಕುತ್ತಿಗೆಯ ಬಿಳಿ ಬ್ಯಾಂಡು ಬಿಚ್ಚಿ ಮಡಚಿ ಜೇಬಿಗೆ ಇಟ್ಟುಕೊಂಡ ಮೇಲೇ ಹಾಜರಿ ಕರೆಯುತ್ತಿದ್ದರು. ಅವತ್ತು ಸೋತ ಕೇಸಿನಿಂದಲೇ ಪಾಠ ಶುರುವಾಗುತ್ತಿತ್ತು. ಅವರಿಗೂ ಆಯಾಸ, ನಮಗೂ ಆಯಾಸ. ಹಿಂದಿನ ಬೆಂಚಿನಲ್ಲಿ ಯಾರಾದರೂ ತೂಕಡಿಸಿದರೆ ಬೈಯುತ್ತಿರಲಿಲ್ಲ, ಅವರ ದಿನ ಹೇಗಿತ್ತೆಂದು ಅವರಿಗೆ ಗೊತ್ತಿತ್ತು. ಪೂರ್ಣಾವಧಿಯ ಅಧ್ಯಾಪಕರು ಕಡಿಮೆ ಎಂದು ನಾನು ಹೇಳುವುದಿಲ್ಲ. ವಿಷಯವನ್ನು ಕ್ರಮವಾಗಿ ಕಟ್ಟಿಕೊಡುವುದು ಅವರಿಗೇ ಸಾಧ್ಯ. ಆದರೆ ಕಸುಬಿನ ಬಿಸಿ ಆರುವ ಮುನ್ನವೇ ತರಗತಿಗೆ ಬಂದವರ ಮಾತಿಗೆ ಬೇರೆಯದೇ ಕಾವು ಇರುತ್ತದೆ.

ಲಂಡನ್ ಕಾಲೇಜಿನ ಪ್ರಾಂಶುಪಾಲರಲ್ಲೂ ಇಂಥವರೇ ಹೆಚ್ಚು. ಹ್ಯೂಸ್ ನಂತರ ಬಂದ ಸರ್ ಜಾನ್ ಲಬ್ಬಕ್ ಬ್ಯಾಂಕಿನ ಒಡೆಯರು, ಬಿಡುವಿನಲ್ಲಿ ಇರುವೆ ಮತ್ತು ಜೇನ್ನೊಣಗಳ ನಡವಳಿಕೆ ಅಧ್ಯಯನ ಮಾಡಿದವರು. ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಹಳೆಶಿಲಾಯುಗ, ನವಶಿಲಾಯುಗ ಎಂಬ ವಿಂಗಡಣೆಗೆ 1865ರಲ್ಲಿ ಹೆಸರಿಟ್ಟವರು ಅವರೇ. ಅವರ ನಂತರ ಆ ಕುರ್ಚಿಯಲ್ಲಿ ಕುಳಿತವರು ಎ. ವಿ. ಡೈಸಿ. ಕಾನೂನಿನ ಆಳ್ವಿಕೆ ಎಂಬ ಪರಿಕಲ್ಪನೆಯ ಜೊತೆಗೇ ನಮ್ಮ ಲಾ ಕಾಲೇಜುಗಳಲ್ಲಿ ಇವತ್ತಿಗೂ ಉರುಹೊಡೆಯುವ ಹೆಸರು ಅದು.

1902ರಲ್ಲಿ ಇಪ್ಪತ್ತಮೂರು ವರ್ಷದ ತರುಣರೊಬ್ಬರು ವಾರಕ್ಕೊಂದು ಸಂಜೆ ಲ್ಯಾಟಿನ್ ಕಲಿಸಲು ಸೇರಿಕೊಂಡರು. ಆಗ ಅವರ ಒಂದು ಕಾದಂಬರಿಯೂ ಬಂದಿರಲಿಲ್ಲ. ಇ. ಎಂ. ಫಾರ್ಸ್ಟರ್ ಈ ಕಾಲೇಜಿನ ನಂಟನ್ನು ಇಪ್ಪತ್ತು ವರ್ಷಕ್ಕೂ ಮೀರಿ ಉಳಿಸಿಕೊಂಡರು. 1910ರ 'ಹವರ್ಡ್ಸ್ ಎಂಡ್' ಕಾದಂಬರಿಯಲ್ಲಿ, ದಿನದ ಗುಮಾಸ್ತಿಕೆ ಮುಗಿಸಿ ಸಂಜೆ ಪುಸ್ತಕ, ಸಂಗೀತಗಳ ಬೆನ್ನುಹತ್ತುವ ಲಿಯೊನಾರ್ಡ್ ಬಾಸ್ಟ್ ಎಂಬ ಬಡ ಯುವಕನಿದ್ದಾನೆ. ಸಂಜೆಯ ಲ್ಯಾಟಿನ್ ತರಗತಿಯ ಬೆಂಚುಗಳನ್ನು ನೋಡದಿದ್ದರೆ ಫಾರ್ಸ್ಟರ್ ಅವನನ್ನು ಬರೆಯುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಕಲಿಸಲು ಹೋದವರು ಕಲಿತೂ ಬಂದರು.

ಈ ಪದ್ಧತಿ ಬೇರೆಡೆಗೂ ಹಬ್ಬಿತು. ವಾಟರ್ಲೂ ಬಳಿಯ ಮಾರ್ಲಿ ಕಾಲೇಜಿನಲ್ಲಿ 1905ರಿಂದ 1907ರವರೆಗೆ ವರ್ಜೀನಿಯಾ ವುಲ್ಫ್ ಕೆಲಸಗಾರರಿಗೆ ಪಾಠ ಮಾಡಿದರು. ಸಂಗೀತಗಾರ ಗುಸ್ತಾವ್ ಹೋಲ್ಸ್ಟ್ 1907ರಲ್ಲಿ ಅಲ್ಲಿನ ಸಂಗೀತ ವಿಭಾಗದ ಹೊಣೆ ಹೊತ್ತರು. ಟಿ. ಎಸ್. ಎಲಿಯಟ್ 1916ರಿಂದ ಸೌತಾಲ್‌ನಲ್ಲಿ ಸಂಜೆ ಸಾಹಿತ್ಯದ ತರಗತಿ ನಡೆಸಿದರು. ಮರುವರ್ಷ ಲಾಯ್ಡ್ಸ್ ಬ್ಯಾಂಕಿನ ಗುಮಾಸ್ತರಾದ ಮೇಲೂ ಅದನ್ನು ಬಿಡಲಿಲ್ಲ.

ಕೊರತೆಗಳೂ ಇದ್ದವು, ಅವನ್ನು ಬಿಟ್ಟು ಹೇಳಿದರೆ ಪರಿಚಯ ಅರ್ಧವಾಗುತ್ತದೆ. ಆರಂಭದ ಕೆಲವು ವರ್ಷ ಹೆಂಗಸರಿಗೆ ತರಗತಿಗಳಿದ್ದವು, ಆಮೇಲೆ ನಿಂತುಹೋದವು. ಹೆಂಗಸರು ತಮ್ಮದೇ ಕಾಲೇಜು ಕಟ್ಟಿಕೊಳ್ಳಬೇಕಾಯಿತು, 1864ರಲ್ಲಿ ಎಲಿಜಬೆತ್ ಮ್ಯಾಲೆಸನ್ ಅದನ್ನು ಮಾಡಿ ತೋರಿಸಿದರು. ಮೂಲ ಕಾಲೇಜು ಹೆಂಗಸರಿಗೆ ಬಾಗಿಲು ತೆರೆದದ್ದು 1960ರ ದಶಕದಲ್ಲಿ. ನೂರು ವರ್ಷ ತಡವಾಗಿ ಎಂದೇ ಹೇಳಬೇಕು. ಕಡುಬಡ ಕೂಲಿಯವರಿಗಿಂತ ನುರಿತ ಕಸುಬುದಾರರು, ಗುಮಾಸ್ತರೇ ತರಗತಿಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದರು. ಮೇಷ್ಟರೆಲ್ಲ ಬಹುಪಾಲು ಮೇಲ್ವರ್ಗದ ಮನೆಗಳಿಂದ ಬಂದವರು. ಸಂಬಳವಿಲ್ಲದೆ ಕಲಿಸಲು ಅವರಿಗೆ ಸಾಧ್ಯವಾದದ್ದು ಮನೆಯಲ್ಲಿ ಅನ್ನಕ್ಕೆ ಚಿಂತೆ ಇಲ್ಲದ್ದರಿಂದ.

ಇನ್ನು ವಿದ್ಯಾರ್ಥಿಯೊಬ್ಬರ ಮಾತು. ಜಾರ್ಜ್ ಆಲನ್ ಎಂಬ ಬಡಗಿ ರಸ್ಕಿನ್ನರ ತರಗತಿಗೆ ಸೇರಿದರು. ಕೈಯ ಕೆಲಸದಲ್ಲಿ ಆಗಲೇ ಗಟ್ಟಿಗರು. ರಸ್ಕಿನ್ ಅವರಿಗೆ ಲೋಹದ ಮೇಲೆ ಚಿತ್ರ ಕೊರೆಯುವುದನ್ನು ಕಲಿಯಲು ದಾರಿ ಮಾಡಿಕೊಟ್ಟು ತಮ್ಮ ಸಹಾಯಕರನ್ನಾಗಿ ಮಾಡಿಕೊಂಡರು. 1871ರಲ್ಲಿ ಪುಸ್ತಕ ವ್ಯಾಪಾರಿಗಳ ಮೇಲೆ ಸಿಟ್ಟಾಗಿದ್ದ ರಸ್ಕಿನ್, ನನ್ನ ಪುಸ್ತಕಗಳನ್ನು ನೀವೇ ಪ್ರಕಟಿಸಿ ಎಂದು ಆಲನ್‌ಗೆ ವಹಿಸಿದರು. ಪ್ರಕಾಶನದ ಗಂಧಗಾಳಿಯೂ ಇಲ್ಲದ ಬಡಗಿ, ಕೆಂಟ್ ಜಿಲ್ಲೆಯ ಹಳ್ಳಿಯ ಮನೆಯಿಂದಲೇ ಪುಸ್ತಕಗಳ ಕಟ್ಟು ಕಟ್ಟಿ ಊರೂರಿಗೆ ಕಳಿಸಿದರು. ವ್ಯವಹಾರ ಬೆಳೆದು ಲಂಡನ್ನಿಗೆ ಬಂತು. ಆಲನ್ 1907ರಲ್ಲಿ ತೀರಿಕೊಂಡ ಮೇಲೆ, 1914ರಲ್ಲಿ ಸ್ಟಾನ್ಲಿ ಅನ್ವಿನ್ ಆ ಸಂಸ್ಥೆಯನ್ನು ಕೊಂಡರು. ಹಳೆಯ ಹೆಸರನ್ನು ಕಿತ್ತುಹಾಕದೆ ಜಾರ್ಜ್ ಆಲನ್ ಅಂಡ್ ಅನ್ವಿನ್ ಎಂದು ಕರೆದರು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' 1932ರಲ್ಲಿ ಹೊರಬಂದದ್ದು ಈ ಸಂಸ್ಥೆಯಿಂದ. ಹಾಸನದಲ್ಲಿ ಹುಟ್ಟಿದ ರಾಜಾರಾಯರ 'ಕಾಂತಾಪುರ' 1938ರಲ್ಲಿ ಮೊದಲು ಅಚ್ಚಾದದ್ದೂ ಇಲ್ಲಿಂದಲೇ. ಹಿರಿಯಣ್ಣನವರ ಪುಸ್ತಕದ ಹಳೆಯ ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ಶೀರ್ಷಿಕೆ ಪುಟದ ಅಡಿಯನ್ನು ನೋಡಿ. ಅಲ್ಲಿ ಮೊದಲು ಬರುವ ಹೆಸರು ಆ ಬಡಗಿಯದು.