ಮುಳುಗುವವರನ್ನು ಕಾಯುವ ವಿದ್ಯೆ

ನಾವು ವಿದ್ಯಾರ್ಥಿನಿಲಯದಲ್ಲಿ ಓದುತ್ತಿದ್ದ ಕಾಲದಲ್ಲಿ ಊರ ಕೆರೆಯಲ್ಲಿ ಬಾಲಕನೊಬ್ಬನು ಮುಳುಗಿದನು. ಅವನನ್ನು ಉಳಿಸಲೆಂದು ಧುಮುಕಿದ ಅಣ್ಣನೂ ಮರಳಲಿಲ್ಲ. ಅಣ್ಣನು ಒಳ್ಳೆಯ ಈಜುಗಾರನೇ. ಆದರೆ ಮುಳುಗುವವನ ಹಿಡಿತದಿಂದ ಬಿಡಿಸಿಕೊಳ್ಳುವ ಬಗೆಯನ್ನು ಅರಿತಿರಲಿಲ್ಲ. ವಿದ್ಯೆಯ ಬೆಂಬಲವಿಲ್ಲದ ಕರುಣೆಯು ಒಂದೇ ಮನೆಯ ಎರಡು ದೀಪಗಳನ್ನು ಆರಿಸಬಲ್ಲುದೆಂಬುದನ್ನು ಅಂದು ಕಂಡೆವು.

ಈಚೆಗೆ ಪರಿಚಿತ ಕುಟುಂಬದ ತರುಣನೊಬ್ಬನು ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತು, ಇದೀಗ ‘ರೆಸ್ಕ್ಯೂ ಡೈವರ್’ ಪ್ರಮಾಣಪತ್ರವನ್ನು ಪಡೆಯಲು ಹೊರಟಿದ್ದಾನೆ. “ತನ್ನ ಜೀವವನ್ನು ಕಾಯ್ದುಕೊಂಡರೆ ಸಾಲದೆ?” ಎಂದು ಅವನ ತಾಯಿ ನಮ್ಮನ್ನು ಕೇಳಿದರು. ಆ ಶಿಕ್ಷಣದ ಸ್ವರೂಪವನ್ನು ತಿಳಿದ ಬಳಿಕ ನಮಗೆ ಉತ್ತರ ಕೊಡುವುದು ಸುಲಭವಾಯಿತು.

1966ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ‘ಪ್ಯಾಡಿ’ ಸಂಸ್ಥೆಯ ಪದ್ಧತಿಯಲ್ಲಿ ಈ ವಿದ್ಯೆಗೆ ಮೆಟ್ಟಿಲುಗಳಿವೆ. ಮೊದಲನೆಯ ‘ಓಪನ್ ವಾಟರ್’ ಹಂತವನ್ನು ಮುಗಿಸಿದವರು 18 ಮೀಟರ್ ಆಳದವರೆಗೆ ಇಳಿಯಬಹುದು. ‘ಅಡ್ವಾನ್ಸ್ಡ್’ ಹಂತದಲ್ಲಿ ಐದು ಮುಳುಗುಗಳು. ಆಳಕ್ಕಿಳಿಯುವುದೂ ದಿಕ್ಸೂಚಿ ಹಿಡಿದು ದಾರಿ ಕಾಣುವುದೂ ಅವುಗಳಲ್ಲಿ ಸೇರಿವೆ. ಇದು 30 ಮೀಟರ್‌ವರೆಗಿನ ಅರ್ಹತೆ. ಸಾಮಾನ್ಯವಾಗಿ ಆ ಬಳಿಕ ರಕ್ಷಣಾ ಶಿಕ್ಷಣ. ಇದಕ್ಕೆ 12 ವರ್ಷ ತುಂಬಿರಬೇಕು. ಹಿಂದಿನ 24 ತಿಂಗಳೊಳಗೆ ಪ್ರಥಮ ಚಿಕಿತ್ಸೆಯ ಹಾಗೂ ಹೃದಯ-ಶ್ವಾಸ ಪುನಶ್ಚೇತನದ ತರಬೇತಿಯನ್ನು ಪಡೆದಿರಬೇಕು. ಇಂತಿಷ್ಟೇ ಮುಳುಗುಗಳೆಂಬ ಪ್ರತ್ಯೇಕ ನಿಯಮವಿಲ್ಲವಾದರೂ ಅನುಭವವು ಅತ್ಯಗತ್ಯ. ತನ್ನ ಮುಖವಾಡ, ತನ್ನ ಉಸಿರು, ತನ್ನ ಗಾಳಿಯ ಅಳತೆ ಇವುಗಳಲ್ಲಿಯೇ ಮಗ್ನನಾದವನಿಗೆ ಸಂಗಡಿಗನನ್ನು ನೋಡಲು ಕಣ್ಣೆಲ್ಲಿಯದು?

ವಿಶೇಷವೆಂದರೆ, ಇಲ್ಲಿ ಮೊದಲ ಪಾಠವೇ ಆತ್ಮರಕ್ಷಣೆ. ಕಾಲಿನ ಸೆಳೆತ, ಆಯಾಸ, ಭಯಗಳನ್ನು ತಾನೇ ನಿವಾರಿಸಿಕೊಳ್ಳುವುದನ್ನು ಕಲಿತ ಮೇಲೆ ಪರರ ಸರದಿ. “ನಿಲ್ಲು, ಯೋಚಿಸು, ಬಳಿಕ ನಡೆ” ಎಂಬುದೇ ಅಲ್ಲಿಯ ಸೂತ್ರ. ಗಾಬರಿಗೊಂಡವನು ಬಂದವನನ್ನೇ ಏಣಿಯಾಗಿ ಮಾಡಿಕೊಂಡು ಹತ್ತಲೆತ್ನಿಸುತ್ತಾನೆ. ಆದುದರಿಂದ ರಕ್ಷಕನು ದೂರದಲ್ಲಿ ನಿಂತು ಮಾತನಾಡಿಸಿ, ಹಿಂದಿನಿಂದ ಸಮೀಪಿಸಿ ಅವನ ತೇಲುಜಾಕೆಟ್ಟಿಗೆ ಗಾಳಿ ತುಂಬಬೇಕು. ಹಿಡಿದುಕೊಂಡರೆ ಕೆಳಕ್ಕೆ ಮುಳುಗಬೇಕು. ಭಯಗೊಂಡವನು ಆಳಕ್ಕೆ ಹಿಂಬಾಲಿಸಲಾರನು. ಕಾಣೆಯಾದವನನ್ನು ಕ್ರಮವಾಗಿ ಹುಡುಕುವುದು, ಎಚ್ಚರ ತಪ್ಪಿದವನನ್ನು ಮೇಲೆ ತಂದು ನೀರಿನಲ್ಲಿಯೇ ಉಸಿರೂಡುತ್ತ ದೋಣಿಗೆ ಎಳೆದೊಯ್ಯುವುದು, ಆಮ್ಲಜನಕ ಕೊಡುವುದು ಇವೆಲ್ಲ ಪುನಃಪುನಃ ಅಭ್ಯಾಸವಾಗಬೇಕು.

ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡವು ಮೇಲ್ಮೈಗಿಂತ ಇಮ್ಮಡಿಯಾಗುತ್ತದೆ. ಅಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಹಾನಿಯಾಗುವುದು. ಗಾಬರಿಯಲ್ಲಿ ಮನುಷ್ಯನು ಮಾಡುವುದೂ ಇದನ್ನೇ. ಅದರಿಂದಲೇ ಈ ಶಿಕ್ಷಣದಲ್ಲಿ ಬಾಹುಬಲಕ್ಕಿಂತ ಚಿತ್ತಸ್ಥೈರ್ಯಕ್ಕೆ ಬೆಲೆ ಹೆಚ್ಚು.

ಆ ತಾಯಿಗೆ ನಾವು ಹೇಳಿದೆವು: “ನಿಮ್ಮ ಮಗನು ಕಲಿಯುತ್ತಿರುವುದು ತನ್ನ ಜೀವವನ್ನೂ ಕಾಯ್ದುಕೊಳ್ಳುವ ವಿದ್ಯೆ. ಹರಸಿ ಕಳುಹಿಸಿರಿ. ಆದರೆ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಅಭ್ಯಾಸವನ್ನು ಮರೆಯದಿರಲೆಂದು ತಿಳಿಹೇಳಿರಿ.”

ಸಮುದ್ರವನ್ನೇ ಕಾಣದ ಮನೆಗಳಿಗೂ ಇಲ್ಲೊಂದು ಪಾಠವಿದೆ. ಕೆರೆ, ಬಾವಿಗಳಲ್ಲಿ ಯಾರಾದರೂ ಮುಳುಗುತ್ತಿದ್ದರೆ ಮಕ್ಕಳು ಧುಮುಕಬಾರದು. ಕೂಗಿ ಹಿರಿಯರನ್ನು ಕರೆಯಬೇಕು, ದಡದಿಂದಲೇ ಹಗ್ಗವನ್ನೋ ಬಿದಿರುಗಳವನ್ನೋ ಗಾಳಿ ತುಂಬಿದ ಟ್ಯೂಬನ್ನೋ ನೀಡಬೇಕು. ಇಷ್ಟನ್ನು ಅಂದು ಯಾರಾದರೂ ಕಲಿಸಿದ್ದರೆ ಆ ಅಣ್ಣನಾದರೂ ಮನೆಗೆ ಮರಳುತ್ತಿದ್ದನು.