ಸೇವಕ ನಾಯಕತ್ವ (ಬಾಸೆಲ್ ಮಿಷನ್)

ಸೇವಕ ನಾಯಕತ್ವ ಎಂದರೆ ಮುಂದಾಳು ತನ್ನ ಅಧಿಕಾರವನ್ನು ಇತರರ ಸೇವೆಗೆ ದೊರೆತ ಹೊಣೆಯೆಂದು ಪರಿಗಣಿಸುವ ನಾಯಕತ್ವದ ಪರಿಕಲ್ಪನೆ. ಕ್ರೈಸ್ತ ಮಿಷನರಿಗಳ ಸಮ್ಮೇಳನಗಳಲ್ಲಿ ಇದು ಚರ್ಚೆಗೆ ಬರುವ ಪ್ರಮುಖ ವಿಷಯಗಳಲ್ಲಿ ಒಂದು. ಕರ್ನಾಟಕದಲ್ಲಿ ಈ ಆದರ್ಶವೂ ಅದರ ಮಿತಿಗಳೂ 19ನೆಯ ಶತಮಾನದ ಬಾಸೆಲ್ ಮಿಷನ್ನಿನ ಕಾರ್ಯದಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತವೆ.

ಬೈಬಲಿನ ಹಿನ್ನೆಲೆ

ಈ ಕಲ್ಪನೆಗೆ ಹೊಸ ಒಡಂಬಡಿಕೆಯ ಕೆಲವು ಪ್ರಸಂಗಗಳು ಆಧಾರವಾಗಿವೆ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಶಿಷ್ಯರಿಬ್ಬರು ಉನ್ನತ ಸ್ಥಾನಗಳನ್ನು ಬೇಡಿದಾಗ, ದೊಡ್ಡವನಾಗಬೇಕೆಂದಿರುವವನು ಸೇವಕನಾಗಬೇಕೆಂದು ಯೇಸು ಬೋಧಿಸುತ್ತಾನೆ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಗುರುವೇ ಶಿಷ್ಯರ ಪಾದಗಳನ್ನು ತೊಳೆಯುತ್ತಾನೆ. ಆ ಕಾಲದಲ್ಲಿ ಪಾದ ತೊಳೆಯುವುದು ಮನೆಯ ಆಳಿನ ಕೆಲಸವಾಗಿತ್ತು. ಗ್ರೀಕ್ ಮೂಲದ ‘ಡಿಯಾಕೊನೊಸ್’ ಎಂಬ ಪದಕ್ಕೆ ಸೇವಕ, ಪರಿಚಾರಕ ಎಂಬ ಅರ್ಥವಿದ್ದು, ಸಭೆಯ ಒಂದು ಪದವಿಯ ಹೆಸರಾಗಿ ಅದು ಕನ್ನಡ ಬೈಬಲಿನಲ್ಲಿ ‘ಸಭಾಸೇವಕ’ ಎಂದಾಗಿದೆ.

ಕರ್ನಾಟಕದಲ್ಲಿ ಬಾಸೆಲ್ ಮಿಷನ್

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಆರಂಭವಾದ ಈ ಸಂಸ್ಥೆಯ ಮೊದಲ ಮೂವರು ಮಿಷನರಿಗಳು 1834ರಲ್ಲಿ ಭಾರತಕ್ಕೆ ಬಂದರು. ಮಂಗಳೂರಿನ ನಂತರ ಧಾರವಾಡ (1837), ಹುಬ್ಬಳ್ಳಿ (1839), ಗದಗದ ನೆರೆಯ ಬೆಟಗೇರಿ (1841) ಮತ್ತು ಗುಳೇದಗುಡ್ಡ (1851) ಅದರ ಕೇಂದ್ರಗಳಾದವು. ಗದಗದ ಬಳಿಯ ಮಲ್ಲಸಮುದ್ರದಲ್ಲಿ 1840ರ ದಶಕದಲ್ಲಿ ಬೇಸಾಯವನ್ನು ಆಧರಿಸಿದ ವಸತಿಯೊಂದನ್ನು ಕಟ್ಟುವ ಪ್ರಯತ್ನ ನಡೆಯಿತಾದರೂ ಅದು ನಿರೀಕ್ಷಿಸಿದಂತೆ ಬೆಳೆಯಲಿಲ್ಲ.

1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ತಮ್ಮ ಶಾಲೆಯ ಹುಡುಗರೊಂದಿಗೇ ವಾಸಿಸಿದರು. 1843ರಲ್ಲಿ ಅವರು ಆರಂಭಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆಂದು ಪ್ರಸಿದ್ಧವಾಗಿದೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಹಲವು ದಶಕ ದುಡಿದು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ಜನರ ನಡುವೆ ಬದುಕುವುದು, ಅವರ ಭಾಷೆಯನ್ನು ವಿದ್ಯಾರ್ಥಿಯಂತೆ ಕಲಿಯುವುದು ಈ ಪೀಳಿಗೆಯ ಸೇವಾಭಾವದ ಮುಖ್ಯ ಲಕ್ಷಣಗಳಾಗಿದ್ದವು.

ಸಮ್ಮೇಳನಗಳು ಮತ್ತು ಅಧಿಕಾರ

ಮಿಷನರಿಗಳು ಪರಸ್ಪರ ‘ಸಹೋದರ’ರೆಂದು ಕರೆದುಕೊಳ್ಳುತ್ತಿದ್ದರು. ಒಂದೊಂದು ಕೇಂದ್ರದ ಕೆಲಸವನ್ನು ಅಲ್ಲಿನ ಸಹೋದರರು ಕೂಡಿ ಚರ್ಚಿಸುತ್ತಿದ್ದರು. ಹಲವು ಕೇಂದ್ರಗಳಿಗೆ ಸಂಬಂಧಿಸಿದ ವಿಷಯಗಳು ವಿಶಾಲ ಸಮ್ಮೇಳನಗಳ ಮುಂದೆ ಬರುತ್ತಿದ್ದವು. ಆದರೆ ಅಂತಿಮ ಅಧಿಕಾರ ಬಾಸೆಲ್ ನಗರದ ಆಡಳಿತ ಸಮಿತಿಯಲ್ಲಿತ್ತು. ಮಿಷನರಿಯ ನೇಮಕ, ವರ್ಗಾವಣೆ, ವಿವಾಹಗಳಿಗೂ ಅದರ ಒಪ್ಪಿಗೆ ಬೇಕಾಗಿತ್ತು. 1851–52ರಲ್ಲಿ ಭಾರತಕ್ಕೆ ಭೇಟಿ ನೀಡಿದ ಸಂಸ್ಥೆಯ ಮುಖ್ಯಾಧಿಕಾರಿ ಯೋಸೆಫ್ ಯೋಸೆನ್‌ಹಾನ್ಸ್ ಆಡಳಿತವನ್ನು ಪುನರ್ರಚಿಸಿ ಈ ಶಿಸ್ತನ್ನು ಇನ್ನಷ್ಟು ಬಿಗಿಗೊಳಿಸಿದರು.

ಸೇವಕ ನಾಯಕತ್ವದ ದೃಷ್ಟಿಯಿಂದ ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಸರಳ ಜೀವನ, ದುಡಿಮೆ, ರೋಗಿಗಳ ಆರೈಕೆ ಇವು ಸೇವೆಯ ಒಂದು ಮುಖ. ಯಾರ ಸೇವೆ ನಡೆಯುತ್ತಿದೆಯೋ ಅವರಿಗೂ ನಿರ್ಧಾರದಲ್ಲಿ ಪಾಲು ಕೊಡುವುದು ಇನ್ನೊಂದು ಮುಖ. ಮೊದಲನೆಯದರಲ್ಲಿ ಮುಂದಿದ್ದ ಮಿಷನರಿಗಳು ಎರಡನೆಯದರಲ್ಲಿ ಹಿಂದುಳಿದರು. ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯ ಬಾಸೆಲ್‌ನಲ್ಲಿ ತರಬೇತಿ ಪಡೆದು, 1851ರಲ್ಲಿ ಮಿಷನರಿಯಾಗಿ ಸ್ವದೇಶಕ್ಕೆ ಮರಳಿದರು. ಅಂತಹ ಸ್ಥಾನ ದೊರೆತದ್ದು ಅಪವಾದವಾಗಿಯೇ ಉಳಿಯಿತು. ಹಳ್ಳಿಗಳಲ್ಲಿ ನಿತ್ಯದ ಕೆಲಸ ನಡೆಸುತ್ತಿದ್ದ ಬಹುಪಾಲು ಉಪದೇಶಿಗಳೂ ಶಿಕ್ಷಕರೂ ಯುರೋಪಿಯನ್ ಮಿಷನರಿಗಳ ಮೇಲ್ವಿಚಾರಣೆಯಲ್ಲಿದ್ದರು.

ಮೊದಲ ಮಹಾಯುದ್ಧದ ಕಾಲದಲ್ಲಿ (1914–18) ಬ್ರಿಟಿಷ್ ಸರ್ಕಾರವು ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿರಿಸಿ, ಬಳಿಕ ಸ್ವದೇಶಕ್ಕೆ ಕಳುಹಿಸಿತು. ಆಗ ಸಭೆಗಳ ಹೊಣೆ ಹೆಚ್ಚಿನ ಮಟ್ಟಿಗೆ ಸ್ಥಳೀಯ ಸಭಾಪಾಲಕರು ಮತ್ತು ಹಿರಿಯರ ಮೇಲೆ ಬಿತ್ತು. ಅಧಿಕಾರದ ಈ ಹಸ್ತಾಂತರಕ್ಕೆ ಸಮ್ಮೇಳನದ ನಿರ್ಣಯಕ್ಕಿಂತ ಯುದ್ಧದ ಒತ್ತಡವೇ ಕಾರಣವಾಯಿತು ಎಂಬುದು ಗಮನಾರ್ಹ. ಈಗ ಉತ್ತರ ಕರ್ನಾಟಕದ ಬಾಸೆಲ್ ಮಿಷನ್ ಪರಂಪರೆಯ ಸಭೆಗಳು ಧಾರವಾಡದಲ್ಲಿ ಕೇಂದ್ರವಿರುವ ದಕ್ಷಿಣ ಭಾರತ ಸಭೆಯ ಕರ್ನಾಟಕ ಉತ್ತರ ಸಭಾಪ್ರಾಂತ್ಯಕ್ಕೆ ಸೇರಿವೆ. ಬೆಟಗೇರಿಯಲ್ಲಿ ಮಿಷನ್ ಸ್ಥಾಪಿಸಿದ ಆಸ್ಪತ್ರೆಯನ್ನು ಜನರು ‘ಜರ್ಮನ್ ಆಸ್ಪತ್ರೆ’ ಎಂದು ಕರೆಯುತ್ತಾರೆ.

ಸ್ಥಳೀಯ ಪರಂಪರೆಯೊಂದಿಗೆ ಹೋಲಿಕೆ

ಮಿಷನರಿಗಳು ಬಂದ ಗದಗ ಸೀಮೆಗೆ ಸೇವೆಯ ಆದರ್ಶ ಹೊಸದಾಗಿರಲಿಲ್ಲ. ಗದಗದ ಈಶಾನ್ಯಕ್ಕಿರುವ ನರೇಗಲ್ಲಿನಲ್ಲಿ ಗಂಗ ದೊರೆ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಬಸದಿಗೆ ಸೇರಿದ ದಾನಶಾಲೆಯನ್ನು ಸುಮಾರು ಕ್ರಿ.ಶ. 950ರ ಶಾಸನ ಉಲ್ಲೇಖಿಸುತ್ತದೆ. ನರೇಗಲ್ಲಿನ ಸಮೀಪದ ಹಾಲಕೆರೆಯಲ್ಲಿರುವ ಅನ್ನದಾನೇಶ್ವರ ಮಠದ ಹೆಸರೇ ಅನ್ನದಾನವನ್ನು ಸೂಚಿಸುತ್ತದೆ. 12ನೆಯ ಶತಮಾನದ ಶರಣರ ‘ದಾಸೋಹ’ವು ‘ನಾನು ದಾಸ’ ಎಂಬ ಭಾವದಿಂದ ಮಾಡುವ ಸಮರ್ಪಣೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿ ಉನ್ನತ ಹುದ್ದೆಯಲ್ಲಿದ್ದ ಬಸವಣ್ಣನವರು ತಮ್ಮನ್ನು ಶರಣರ ಸೇವಕನೆಂದೇ ಭಾವಿಸಿದ್ದರು. ಅನುಭವ ಮಂಟಪದ ಪರಂಪರೆಯಲ್ಲಿ ಕಾಯಕಜೀವಿಗಳೂ ಸಂವಾದದಲ್ಲಿ ಭಾಗಿಗಳು. ಈ ಪರಂಪರೆ ಮಿಷನರಿಗಳಿಗೆ ಅಪರಿಚಿತವೇನೂ ಆಗಿರಲಿಲ್ಲ: ಮೊಗ್ಲಿಂಗ್ ಸಂಪಾದಿಸಿದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವೂ ಅಚ್ಚಾಯಿತು. ಎರಡೂ ಪರಂಪರೆಗಳ ತಾತ್ತ್ವಿಕ ನೆಲೆಗಳು ಬೇರೆಯಾದರೂ, ಸ್ಥಾನದಲ್ಲಿ ದೊಡ್ಡವನು ಭಾವದಲ್ಲಿ ಕಿರಿಯನಾಗಬೇಕೆಂಬ ನಿಲುವು ಸಮಾನವಾಗಿದೆ.

ಆಧುನಿಕ ಬಳಕೆ

‘ಸೇವಕ ನಾಯಕತ್ವ’ ಎಂಬ ಪರಿಭಾಷೆ ಪ್ರಚಾರಕ್ಕೆ ಬಂದದ್ದು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ದೂರವಾಣಿ ಕಂಪನಿಯಲ್ಲಿ ದೀರ್ಘಕಾಲ ದುಡಿದಿದ್ದ ಅವರಿಗೆ ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ ಪೂರ್ವ ದೇಶದ ಯಾತ್ರೆಯ ಕಥೆ (1932) ಪ್ರೇರಣೆಯಾಯಿತು. ಅದರಲ್ಲಿ ಯಾತ್ರಿಕರ ಪರಿಚಾರಕನಾದ ಲಿಯೋ ಕಣ್ಮರೆಯಾದೊಡನೆ ಗುಂಪು ಚದುರುತ್ತದೆ. ಅವನೇ ಆ ಬಳಗದ ಮುಖ್ಯಸ್ಥನೆಂದು ಕೊನೆಗೆ ತಿಳಿಯುತ್ತದೆ. ಹೆಸ್ಸೆಯ ತಂದೆ ಯೋಹಾನೆಸ್ ಹೆಸ್ಸೆ ಮಂಗಳೂರಿನಲ್ಲಿ ಬಾಸೆಲ್ ಮಿಷನರಿಯಾಗಿದ್ದರು. ತಾಯಿಯ ತಂದೆ ಹರ್ಮನ್ ಗುಂಡರ್ಟ್ ಅದೇ ಮಿಷನ್ನಿನ ಪರವಾಗಿ ತಲಶ್ಶೇರಿಯಲ್ಲಿ ದುಡಿದು ಮಲಯಾಳ ನಿಘಂಟನ್ನು ರಚಿಸಿದವರು.

ತನ್ನಿಂದ ಸೇವೆ ಪಡೆದವರು ಹೆಚ್ಚು ಸ್ವತಂತ್ರರೂ ವಿವೇಕಿಗಳೂ ಆಗಿ ತಾವೂ ಸೇವಕರಾಗುತ್ತಾರೆಯೇ ಎಂಬುದೇ ಇಂತಹ ನಾಯಕನಿಗೆ ಗ್ರೀನ್‌ಲೀಫ್ ಒಡ್ಡಿದ ಪರೀಕ್ಷೆ. ಈ ಅಳತೆಯ ಪ್ರಕಾರ ಮಿಷನರಿ ಸಮ್ಮೇಳನವೊಂದರ ಯಶಸ್ಸು, ಅದರ ಆಶ್ರಯದಲ್ಲಿ ಬೆಳೆದ ಸಭೆಗಳು ಸ್ವಂತ ನಿರ್ಧಾರಗಳನ್ನು ಕೈಗೊಳ್ಳಲು ಎಷ್ಟು ಸಮರ್ಥವಾದವು ಎಂಬುದನ್ನು ಅವಲಂಬಿಸಿದೆ.